ತೆಗೆದದ್ದನ್ನು ಕೇಳಿಸುವ ಗುಂಡಿ

ಲಮಾರಾಳ ದನಿಯಲ್ಲಿ ಒಂದು ಮುಳ್ಳಿದೆ,
ಮೂರು ಸಾವಿರದ ಇನ್ನೂರು ಹರ್ಟ್ಸ್ ಆಸುಪಾಸು.
ನಿಂತಲ್ಲೇ ನಿಂತಿದ್ದರೆ ಚಿಮಟದಲ್ಲಿ ಹಿಡಿದು ಕಿತ್ತುಬಿಡುತ್ತಿದ್ದೆ,
ನನ್ನ ಹಳೆಯ ಈಕ್ವಲೈಸರೇ ಸಾಕಿತ್ತು.
ಇದು ಅಲೆಯುತ್ತದೆ. ಸ್ವರ ಏರಿದರೆ ಏರಿ,
ಇಳಿದರೆ ಒಂದು ಗಳಿಗೆ ಹಿಂದುಳಿದು ಓಡಿಬಂದು,
ಸಂತೆಯಲ್ಲಿ ತಾಯ ಕೋಟಿನ ಚುಂಗು
ಹಿಡಿದೂ ಹಿಡಿಯದ ಮಗುವಿನ ಹಾಗೆ.

ಕುತೈಸಿ. ರೊಟ್ಟಿಯಂಗಡಿಯ ಮೇಲಿನ ಮಹಡಿ.
ಕಿಟಕಿಗೆ ಎರಡು ಗಾಜು, ನಡುವೆ ಒಂದು ಸತ್ತ ನೊಣ.
ಆಚೆ ರಿಯೋನಿ ನದಿ ಬಿಳಿ ಬಂಡೆಗಳ ಮೇಲೆ
ಯಾರ ಕೈಗೂ ಸಿಗದ ಗದ್ದಲ ಮಾಡಿಕೊಂಡು.
ಬೆಳಿಗ್ಗೆ ಐದಕ್ಕೆ ವಾಝಾ ಒಲೆ ಹೊತ್ತಿಸಿದನೆಂದರೆ
ನೆಲ ಗುಂಯ್ ಅನ್ನುತ್ತದೆ;
ಆಮೇಲೆ ಕೆಳಗಿನ ಸ್ವರಗಳ ಮಾತು ನಾನು ನಂಬುವುದಿಲ್ಲ.

ಮೂರು ಪ್ಲಗಿನ್ ಇಳಿಸಿಕೊಂಡಿದ್ದೇನೆ.
ಹದಿನಾಲ್ಕು ದಿನ ಪುಕ್ಕಟೆ. ಇವತ್ತಿಗೆ ಹನ್ನೊಂದು.

ಮೊದಲನೆಯದು ಚೆಲುವೆ.
ಪರದೆ ತುಂಬ ನೇರಳೆ, ನೀಲಿ, ಬೆಂಕಿಯ ಬಣ್ಣ,
ಒಂದೊಂದು ಆವರ್ತನವೂ ಎದ್ದು ಬಾಗಿ ಕುಣಿಯುತ್ತದೆ.
ನೋಡುತ್ತ ಕೂತು ಅರ್ಧ ಹಾಡು ಕೇಳಲೇ ಇಲ್ಲ.
ಕಂಪ್ಯೂಟರಿನ ಫ್ಯಾನು ಮೆಟ್ಟಿಲು ಹತ್ತಿದ ಮುದುಕನಂತೆ ಏದುತ್ತದೆ.
ಬೆಲೆ, ನನ್ನ ಎರಡು ತಿಂಗಳ ಬಾಡಿಗೆ.

ಎರಡನೆಯದಕ್ಕೆ ಒಂದೇ ನಾಬ್. ತಿರುಗಿಸಿದಷ್ಟೂ ಮೆತ್ತಗೆ.
ನೆಗಡಿಯಾಯಿತೆಂದು ಮೂಗು ಕೊಯ್ಯುವ ಜಾತಿ:
ಮುಳ್ಳು ಹೋಯಿತು, ಜೊತೆಗೆ ಹಲ್ಲು ಹೋಯಿತು,
ಮೂವರು ಹೆಂಗಸರು ಕಂಬಳಿ ಹೊದ್ದು ಹಾಡಿದ ಹಾಗಾಯಿತು.
ಬತುಮಿಯ ನಿರ್ಮಾಪಕನಿಗೆ ಇದೇ ಇಷ್ಟ.
"ಫೋನಿನಲ್ಲಿ ಕಿವಿ ಕಚ್ಚುವುದಿಲ್ಲ ನೋಡು, ಗೋಚಾ."

ಮೂರನೆಯದು ಬೂದು ಬಣ್ಣದ ಮೊದ್ದು.
ಎಷ್ಟು ಬೇಗ ಹಿಡಿಯಬೇಕು, ಎಷ್ಟು ನಿಧಾನ ಬಿಡಬೇಕು,
ಪ್ರತಿ ಪಟ್ಟಿಗೂ ಬೇರೆ ಬೇರೆ ಹೇಳಿಕೊಡಬೇಕು.
ಹೇಳದೆ ಏನನ್ನೂ ಮುಟ್ಟುವುದಿಲ್ಲ.
ಮೂಲೆಯಲ್ಲೊಂದು ಪುಟ್ಟ ತ್ರಿಕೋನದ ಗುಂಡಿ.
ಒತ್ತಿದರೆ ಹಾಡು ಮಾಯ,
ತೆಗೆದದ್ದು ಮಾತ್ರ ಕೇಳುತ್ತದೆ.

ಒತ್ತಿದೆ.

ಕೇರಿದ ಮೇಲೆ ಮೊರದಾಚೆ ಬಿದ್ದ ತೌಡು ಅಂದುಕೊಂಡಿದ್ದೆ.
ಅಲ್ಲ. ತೆಳ್ಳನೆಯ ಸಿಳ್ಳೆಯೊಂದು, ಸಣ್ಣಗೆ ನಡುಗುತ್ತ,
ತನ್ನಷ್ಟಕ್ಕೆ ತಾನು ಪೂರ್ತಿ ಒಂದು ರಾಗ.
ಲಮಾರಾ ಒಬ್ಬಳೇ ಹಾಡಿ ನೋಡಿದ್ದ ಟೇಪು ಹುಡುಕಿ ಹಾಕಿದೆ:
ಮುಳ್ಳಿಲ್ಲ.
ಅಕ್ಕ ಏತೇರಿಯದು ಹಾಕಿದೆ: ಅಲ್ಲೂ ಇಲ್ಲ.
ಇಬ್ಬರೂ ಪಕ್ಕದ ಪಕ್ಕದ ಸ್ವರ ಹಿಡಿದು
ಒಬ್ಬರಿಗೊಬ್ಬರು ಜಾಗ ಬಿಡದೆ ನಿಂತಾಗ ಮಾತ್ರ
ನಡುವೆ ಹುಟ್ಟುತ್ತದೆ, ಇಬ್ಬರದೂ ಅಲ್ಲದ್ದು.

ದ್ರಾಕ್ಷಿ ತೋಟ ಮಾರಿದ ವರ್ಷದಿಂದ
ಅಕ್ಕತಂಗಿಯರಿಗೆ ಮಾತಿಲ್ಲ; ಊರಿಗೆಲ್ಲ ಗೊತ್ತು.
ಭಾನುವಾರ ಚರ್ಚಿನಲ್ಲಿ ಮೊಣಕೈ ತಾಗುವಷ್ಟು ಹತ್ತಿರ ನಿಂತು ಹಾಡಿ
ಬೇರೆ ಬೇರೆ ಸೇತುವೆ ದಾಟಿ ಮನೆಗೆ ಹೋಗುತ್ತಾರೆ.

ಹನ್ನೆರಡನೇ ದಿನ ಲಮಾರಾ ಬಂದಳು,
ಶಾಲು ಬಿಚ್ಚಲಿಲ್ಲ, ಹೆಡ್‌ಫೋನು ತಲೆಗೂದಲ ಮೇಲೇ ಇಟ್ಟುಕೊಂಡಳು.
ಗುಂಡಿ ಒತ್ತಿಕೊಟ್ಟೆ. ಕೇಳಿದಳು.
ಮತ್ತೆ ಹಾಕು ಅಂದಳು. ಮತ್ತೆ ಹಾಕಿದೆ.
"ಎಷ್ಟು ಇದಕ್ಕೆ?"
ಮುನ್ನೂರ ನಲವತ್ತು ಲಾರಿ.
"ಇದನ್ನ ತೆಗೆಯೋದಕ್ಕೋ, ಕೇಳಿಸೋದಕ್ಕೋ?"
ಎರಡಕ್ಕೂ ಅದೇ ದುಡ್ಡು ಅಂದೆ.
ನಕ್ಕಳೋ, ಮೂಗು ಸೀಟಿದಳೋ. ಹೊರಟುಹೋದಳು.

ಹದಿಮೂರನೇ ರಾತ್ರಿ ಬೂದು ಮೊದ್ದನ್ನೇ ಕೊಂಡೆ.
ಒಂದೂವರೆ ಡೆಸಿಬಲ್. ಬೆರಳು ಅದರಾಚೆ ಹೋಗಲಿಲ್ಲ.
ಬತುಮಿಯವನು ಬೈದರೆ ಬೈಯಲಿ.

ಬೆಳಿಗ್ಗೆ ಕೆಳಗಿಳಿದು, ಹಿಟ್ಟು ಹತ್ತಿದ ವಾಝಾನ ಫೋನಿನಲ್ಲೇ ಹಾಕಿ ಕೇಳಿಸಿದೆ.
ರೊಟ್ಟಿ ಒಲೆಯ ಗೋಡೆಗೆ ಬಡಿಯುತ್ತ ಕಿವಿಗೊಟ್ಟ.
"ಚೆನ್ನಾಗಿದೆ," ಅಂದ, "ಆದರೆ ದಪ್ಪ ದನಿಯವಳು ಎಲ್ಲಿ?
ಕೇಳೋದೇ ಇಲ್ಲವಲ್ಲ."