ಕೆಚ್ಚು

ಬೆಟಗೇರಿಯ ನಮ್ಮ ನೇಕಾರ ಸಂಘಕ್ಕೆ ಲೆಕ್ಕ ಮೂರು:
ನೂಲಿನ ಗೋದಾಮಿನದು ಹಸಿರು ರಟ್ಟಿನ ಖಾತೆಯಿಂದ ಟೈಪಾದದ್ದು,
ಮಜೂರಿಯದು ಎಕ್ಸೆಲ್ಲಿನಲ್ಲಿ,
ಮಾರಾಟದ್ದು ಬಿಲ್ಲಿನ ಯಂತ್ರದ ಹೊಟ್ಟೆಯೊಳಗೆ.
ಒಂದಕ್ಕೊಂದು ಮಾತಿಲ್ಲ.
ಒಂದರಲ್ಲಿ ತುಳಜಾಸಾ ಬಾಕಳೆ,
ಒಂದರಲ್ಲಿ ಟಿ. ಎನ್. ಬಾಕಳೆ,
ಮತ್ತೊಂದರಲ್ಲಿ ಬರೀ ಮಗ್ಗ ನಂಬರ್ ನಲವತ್ತೊಂದು.

ಪುಣೆಯಿಂದ ಅಭ್ಯಂಕರ್ ಬಂದರು.
ಗೋಡೆಯ ಮೇಲೆ ಬೆಳಕು ಬಿಟ್ಟು ಬಾಣ ಎಳೆದರು,
ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಒಂದೇ ಪೆಟ್ಟಿಗೆಗೆ.
ಚಂದ ಇತ್ತು, ಸುಳ್ಳು ಯಾಕೆ ಹೇಳಲಿ.
‘ವರ್ಷಕ್ಕೆ ಎರಡು ಲಕ್ಷ ಎಂಬತ್ತು ಸಾವಿರ.
ನಡುರಾತ್ರಿ ಕೆಟ್ಟರೂ ಫೋನು ಎತ್ತುವವರಿದ್ದಾರೆ.’
ಅಧ್ಯಕ್ಷರ ತುಟಿ ಅಲುಗಿತು:
ಎಷ್ಟು ಸೀರೆ ಮಾರಿದರೆ ಅಷ್ಟು?
ಬಾಗಿಲಲ್ಲಿ ಕೇಳಿದೆ, ದುಡ್ಡು ನಿಲ್ಲಿಸಿದ ದಿನ
ನಮ್ಮ ಬಾಣಗಳು ಎಲ್ಲಿಗೆ ಹೋಗುತ್ತವೆ?
ಅವರು ನಕ್ಕರು. ಅದೊಂದು ಪುಕ್ಕಟೆ.

ಆಮೇಲೆ ಪುಕ್ಕಟೆಯದನ್ನೇ ಇಳಿಸಿಕೊಂಡೆ,
ಯಾವ ದೇಶದವರೋ ಬರೆದು ಕದ ತೆರೆದಿಟ್ಟದ್ದು.
ಪುಕ್ಕಟೆ ಅಂದರೇನೆಂದು ಹನ್ನೊಂದು ರಾತ್ರಿ ಕಲಿತೆ.
ಜಾವಾ ಹಳೆಯದೆಂದಿತು, ಮೆಮೊರಿ ಸಾಲದೆಂದಿತು,
ಕನ್ನಡದ ಹೆಸರುಗಳನ್ನೆಲ್ಲ ಪ್ರಶ್ನೆಚಿಹ್ನೆ ಮಾಡಿ ತೋರಿಸಿತು,
ಎಂಬತ್ತಾರು ನೇಕಾರರು, ಎಂಬತ್ತಾರು ಪ್ರಶ್ನೆ.
ಫೋನು ಎತ್ತುವವರಿಲ್ಲ.
ಆದರೆ ಮುಚ್ಚಳ ತೆಗೆಯಬಹುದಿತ್ತು,
ಒಳಗಿನ ಎಳೆ ಕಾಣುತ್ತಿತ್ತು.
ಒಂದೇ ಒಂದು ಸಾಲು ತಿದ್ದಿದೆ.
ನಸುಕಿನಲ್ಲಿ ಹೆಸರುಗಳು ಕೊಂಬು ದೀರ್ಘ ಸಮೇತ ಮರಳಿದವು.

ಆದರೂ ನಲವತ್ತೊಂದು ಯಾರು?
ಇದಕ್ಕೆ ಗೊತ್ತಿಲ್ಲ. ಎರಡು ಲಕ್ಷದ ಬಾಣಕ್ಕೂ
ಗೊತ್ತಿರುತ್ತಿರಲಿಲ್ಲ.

ಹುಲಿಗೆವ್ವನ ಹತ್ತಿರ ಹೋದೆ.
ಮುಗಿದ ಹಾಸಿನ ತುದಿಗೆ ಹೊಸ ಹಾಸು ಕೆಚ್ಚುತ್ತಿದ್ದಳು,
ಬೂದಿ ಮುಟ್ಟಿದ ಬೆರಳು, ಎಳೆಗೆ ಎಳೆ, ಒಂದು ಹೊಸೆತ,
ಮತ್ತೆ ಬೂದಿ.
ಸಾವಿರಗಟ್ಟಲೆ ಎಳೆ; ಒಂದು ತಪ್ಪಿದರೆ ಸೀರೆಯುದ್ದಕ್ಕೂ ಗೆರೆ.
ತಲೆ ಎತ್ತದೆ ಅಂದಳು:
‘ಬಾಕಳೆಯವರ ಮಗ್ಗಲ್ಲೇನೋ ಅದು.
ಅವನ ಕಣ್ಣು ಹೋಗಿ ಆರು ವರ್ಷಾತು.
ಕುಣ್ಯಾಗ ಕಾಲಿಟ್ಟು ನೇಯಾಕಿ ಅವನ ಸೊಸಿ, ರುಕ್ಮಾಬಾಯಿ.
ಪಗಾರ ಅಷ್ಟ ಅವನ ಹೆಸರಿಗೆ.’

ಮೂರೂ ಲೆಕ್ಕ ಹುಡುಕಿದೆ. ರುಕ್ಮಾಬಾಯಿ
ಒಂದರಲ್ಲೂ ಇಲ್ಲ.

ರಾತ್ರಿ ಹೊಸ ಕಾಲಮ್ ತೆರೆದೆ: ನೇಯುವವರು.
ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಲೈಸೆನ್ಸೂ.
ನಲವತ್ತೊಂದರ ಎದುರು ಅವಳ ಹೆಸರು ಬರೆದೆ.
ಉಳಿದ ಎಂಬತ್ತೈದು ಕೋಶ ಖಾಲಿ,
ಕರ್ಸರ್ ಮಿಟುಕುತ್ತಿದೆ.
ಅಧ್ಯಕ್ಷರಿಗೆ ಇನ್ನೂ ಹೇಳಿಲ್ಲ.