ಎಣ್ಣಿ ನೋಡು ಮೊದಲ

ಪ್ರೆಸ್ಸಿನ ಶಟರ್ ಎಳದು, ಕೈಗಂಟಿದ ಮಸಿ
ಸೀಮಿಎಣ್ಣಿ ಅರಿವ್ಯಾಗ ಒರಸಿಕೊಂತ
ಬೆಟಗೇರಿ ರೋಡಿಗೆ ಬಂದ್ರ ಆರು ಹೊಡದಿರತೈತಿ;
ಫಕ್ಕೀರವ್ವನ ಗಾಡಿ ಅಂದ್ರ ನಮಗ ಅದ ಗಡಿಯಾರ.

ಅವತ್ತು ಗಿರ್ಮಿಟ್ ಜೋಡಿ ಒಂದು ಮಾತು ಕೇಳಿದೆ,
ಅತ್ತಿತ್ತ ನೋಡಿ, ಸಣ್ಣ ದನಿಲೆ:
ಹೊಸ ಮಷೀನು ಬರತೈತೆವ್ವ. ನಡಸೂದು ಕಲಿಯಾಕ
ಮಾಲಕರು ಹನೋಯ್‌ಗೆ ಕಳಸಾಕತ್ತಾರ, ಎಂಟು ದಿನ.
ಹುಬ್ಬಳ್ಳಿ ದಾಟಿ ಉಂಡವನಲ್ಲ ನಾ.
ಅಲ್ಲಿ ಬೀದ್ಯಾಗ ತಿನ್ನಬಹುದೋ, ಹೆಂಗ?
ಮನ್ಯಾಗ ಅವಲಕ್ಕಿ ಚೀಲ ಕಟ್ಟಾಕತ್ತಾರ.

ಆಕಿ ಝಾರಿ ಬಡದು ಎಣ್ಣಿ ಸೋಸಿದಳು.
"ಅವಲಕ್ಕಿ ತಿನ್ನಾಕ ವಿಮಾನ ಯಾಕ ಹತ್ತತಿ?
ಎಣ್ಣಿ ನೋಡು ಮೊದಲ, ತಿನಿಸು ಆಮ್ಯಾಲೆ.
ಕರ್ರಗಾಗಿ ನೊರಿ ಕಾರಾಕತ್ತಿತ್ತು ಅಂದ್ರ
ನಮಸ್ಕಾರ ಹೇಳು, ಮುಂದಿನ ಗಾಡಿಗೆ ನಡಿ.
ಒಲಿಯಿಂದ ತಾಟಿಗೆ, ತಾಟಿನಿಂದ ಬಾಯಿಗೆ,
ನಡುವ ನೊಣಕ್ಕ ಕುಂಡ್ರಾಕ ಪುರಸೊತ್ತು ಕೊಡಬ್ಯಾಡ.
ಐಸಿನ ಊರು ಯಾವುದಂತ ಐಸಿಗೇ ಗೊತ್ತಿರಂಗಿಲ್ಲ.
ಹೆಚ್ಚಿಟ್ಟ ಹಣ್ಣು ಬಿಡು; ನೀನ ಸುಲದು ತಿನ್ನು.
ಕೂಸಿನ್ನ ಬಗಲಾಗ ಹೊತ್ತ ಹೆಂಗಸರು ನಿಂತಲ್ಲಿ ನಿಲ್ಲು,
ಹಡದಾಕಿ ತನ್ನ ಕೂಸಿಗೆ ಉಣಿಸಿದ್ದು ನಿನಗೂ ದಕ್ಕತೈತಿ.
ಒಲ್ಲದ್ದಿದ್ರ ಒಲ್ಲೆ ಅನ್ನು, ಎದಿ ಮ್ಯಾಲೆ ಕೈ ಇಟ್ಟು.
ನಾಚಿ ತಿನಬ್ಯಾಡ. ನಾಚಿ ಉಪಾಸನೂ ಬೀಳಬ್ಯಾಡ.
ಮತ್ತ, ಗಾಡಿ ಹಿಂದ ಹೋಗು.
ಮುಂದ ನಾವೆಲ್ಲಾ ಶೃಂಗಾರ ಮಾಡೇ ಮಾಡತೀವಿ;
ತಾಟು ತೊಳೆಯೋ ಬಕೀಟು ಸುಳ್ಳ ಹೇಳಂಗಿಲ್ಲ."

ಹನ್ನೊಂದು ವರ್ಷ ತಿಂದೀನಿ ಆಕಿ ಕೈಯಾಗ,
ಗಾಡಿ ಹಿಂದ ಹೋದವನಲ್ಲ.
ಹೋದೆ. ಆಕಿ ತಿರುಗಿ ಸುದ್ದಾ ನೋಡಲಿಲ್ಲ.
ಎರಡು ಬಕೀಟು. ಎರಡನೇದರಾಗ ನೀರು
ತಳದ ಗೀರು ಕಾಣೂವಷ್ಟು ತಿಳಿ,
ಮ್ಯಾಲೆ ಅರ್ಧ ನಿಂಬಿಹೋಳು ತೇಲತಿತ್ತು.

ಹನೋಯ್‌ದಾಗ ಮೂರನೇ ಸಂಜಿ.
ಅಂಗನವಾಡಿ ಹುಡುಗರ ಕುರ್ಚಿಯಂಥಾ ಕುರ್ಚಿ ಮ್ಯಾಲೆ
ಮೊಣಕಾಲು ಗದ್ದಕ್ಕ ತಾಗಿಸಿ ಕುಂತಿತ್ತು ಊರಿಗೆ ಊರು.
ಭಾಷಾ ಇಲ್ಲ. ಎದ್ದವನ ಸೀದಾ ಗಾಡಿ ಹಿಂದ ಹೋದೆ.
ಆಕಿ ಸೌಟು ಎತ್ತಿದಳು, ಕಳ್ಳ ಅನಕೊಂಡಳೋ ಏನೋ.
ಬಕೀಟಿಗೆ ಬೊಟ್ಟು ಮಾಡಿದೆ, ಹೊಟ್ಟಿ ಮುಟ್ಟಿಕೊಂಡೆ.
ಆಕಿ ನಕ್ಕ ನಗಿ ಗದಗಿನಾಗೂ ಸಿಗತೈತಿ.
ತಾನ ಒಂದು ತಾಟು ಎತ್ತಿ ದೀಪಕ್ಕ ಹಿಡದಳು,
ನಾ ಪ್ರೂಫಿನ ಹಾಳಿ ಹಿಡದು ನೋಡೂ ಹಂಗ.

ಖೀಮಾಕ್ಕ ಎದಿ ಮ್ಯಾಲೆ ಕೈ ಇಟ್ಟೆ;
ಬರೇ ಅಣಬಿ ತುಂಬಿದಳು, ಅಕ್ಕಿಹಿಟ್ಟಿನ ತೆಳ್ಳನ ಹಾಳ್ಯಾಗ,
ಮ್ಯಾಲೆ ಹುರದ ಉಳ್ಳಾಗಡ್ಡಿ.
ನಾಲಿಗಿ ಸುಡೂವಷ್ಟು ಬಿಸಿ. ಮೂರು ತಾಟು ತಿಂದೆ.
ಮೆಣಸಿನಕಾಯಿ ಬ್ಯಾಡಂತ ಆಕಿ ಕೈ ಆಡಿಸಿದಳು;
ಬ್ಯಾಡಗಿ ಕಡಿಯಾವ ನಾ, ಅಂತ ಬಾಯಿಗೆ ಹಾಕಿಕೊಂಡೆ.
ನಮ್ಮ ಬ್ಯಾಡಗಿ ಬಣ್ಣಕ್ಕ, ಖಾರಕ್ಕಲ್ಲ ಅನ್ನೂದು
ಮರತಿತ್ತು. ಹೊಟ್ಟಿ ಕೆಡಲಿಲ್ಲ. ಮಾನ ಹೋತು.

ತಿರುಗಿ ಬಂದ ದಿನ ಫಕ್ಕೀರವ್ವ
ಮಷೀನು ಕೇಳಲಿಲ್ಲ, ವಿಮಾನ ಕೇಳಲಿಲ್ಲ.
"ಬಕೀಟು ಎಷ್ಟಿದ್ದುವು?" ಅಂದಳು.
ಮೂರು, ಅಂದೆ. ಮೂರನೇದರಾಗ ಬಿಸಿನೀರು.
ಮಿರ್ಚಿ ಹೊರಳಿಸಿದಳು. ಮಾತಿಲ್ಲ.

ಮುಂದಿನ ಗುರುವಾರ ಗಾಡಿ ಹಿಂದ
ನೀಲಿ ಬಕೀಟು ಒಂದು ಉಗಿ ಆಡಾಕತ್ತಿತ್ತು,
ರೇಟಿನ ಚೀಟಿ ಇನ್ನೂ ಕಿತ್ತಿರಲಿಲ್ಲ.