ಬಾಯ್ಲರಿನ ಪಂಚನಾಮೆ

ಮುಳುಗಡೆ ಕಚೇರಿಯ ಗುಮಾಸ್ತ ನಾನು.
ಹಳೇ ಬಾಗಲಕೋಟೆಯಲ್ಲಿ ಹೊಳೆದಂಡೆಯ ತನಕ
ಗೋಡೆ ಗೋಡೆಗೂ ಕೆಂಪು ನಂಬರು ಬರೆದವನು:
ತೊಲೆ ಇಷ್ಟು, ಕದ ಇಷ್ಟು, ಬೇವಿನ ಮರ ಒಂದು.

ಮುರನಾಳ ಸಾಹುಕಾರರ ಹತ್ತಿ ಜಿನ್ನಿನಲ್ಲಿ
ಇದೊಂದು ಸಿಕ್ಕಿತು.
ಹತ್ತು ಚೀಲ ಜೋಳ ಹಿಡಿಸುವ ಹೊಟ್ಟೆ, ಮೈತುಂಬ ರಿವೆಟ್ಟು.
"ಏನಂತ ಬರೀಲಿ?"
"ಹಡಗಾ ಅಂತ ಬರಕೋರಿ" ಅಂದ ಲಾಡ್ಲೇಸಾಬ,
ಇದಕ್ಕೆ ಕೊನೆಯ ಸಲ ಬೆಂಕಿ ಕೊಟ್ಟವನು.

ಹುಣಸೆಹಣ್ಣಿನಿಂದ ಹಿತ್ತಾಳೆ ತಗಡು ತಿಕ್ಕಿ ತೋರಿಸಿದ:
ಟಾರ್ಪೆಡೊ ಬೋಟು, ಎಂಟನೇ ನಂಬರು.
ಹೆಸರಿಲ್ಲ. ಸಾಯಲಿಕ್ಕೆ ಹುಟ್ಟಿದ್ದಕ್ಕೆ
ಯಾರು ತೊಟ್ಟಿಲು ಕಟ್ಟುತ್ತಾರೆ?

ಥೇಮ್ಸ್ ದಂಡೆಯಲ್ಲಿ ಹುಟ್ಟು. ಎಂಬತ್ತಡಿ ಉದ್ದ.
ಮೂತಿಗೊಂದು ಗಳ, ಗಳದ ತುದಿಗೆ ಸಿಡಿಮದ್ದು.
ರಾತ್ರಿ ದೀಪ ಆರಿಸಿ ಓಡಬೇಕು,
ದೊಡ್ಡ ಹಡಗಿನ ಬಸಿರಿಗೆ ತಿವಿಯಬೇಕು,
ತಿವಿದ ಮೇಲೂ ಉಳಿದರೆ ಅದು ದೈವ.

ರಷ್ಯದವರು ಬಂದಾರೆಂದು ಮುಂಬಯಿಗೆ ತಂದರು.
ರಷ್ಯದವರು ಬರಲಿಲ್ಲ.
ಮಳೆಗಾಲಕ್ಕೆ ಶೆಡ್ಡಿಗೆ, ದಸರೆಗೆ ಮತ್ತೆ ನೀರಿಗೆ,
ವರುಷಕ್ಕೊಮ್ಮೆ ಬಣ್ಣ.
ಗವರ್ನರನ ಮಂದಿಯನ್ನು ದ್ವೀಪ ನೋಡಲು ಒಯ್ದದ್ದುಂಟು,
ಕೊಡೆ, ಬುತ್ತಿ ಸಮೇತ.

ಒಮ್ಮೆ ಕತ್ತಲಲ್ಲಿ ಕವಾಯತು ಮಾಡುವಾಗ
ಮೀನಿನ ದೋಣಿಯೊಂದಕ್ಕೆ ಹಾಯಿತು.
ಕೋಳಿಯರು ಇಬ್ಬರು; ಒಬ್ಬ ಹುಡುಗ.
ವಿಚಾರಣೆ ಆಯ್ತು. ಷರಾ:
ದೋಣಿಯಲ್ಲಿ ದೀಪ ಇರಲಿಲ್ಲ.
ಯಾರ ದೋಣಿಯಲ್ಲಿ ಅಂತ ಬರೆದಿಲ್ಲ.

"ಆ ರಾತ್ರಿ ಕಲ್ಲಿದ್ದಲು ಹಾಕಿದಾಂವ ನಮ್ಮ ಮುತ್ಯಾ."

ಹರಾಜಿನಲ್ಲಿ ಒಡಲು ಗುಜರಿಗೆ, ಬಾಯ್ಲರು ಸಾಹುಕಾರರಿಗೆ.
ಹೊಟಗಿಯಲ್ಲಿ ಗಾಡಿ ಬದಲಿಸಿ, ಸಣ್ಣ ಹಳಿಯ ಮೇಲೆ
ಕೃಷ್ಣೆ ದಾಟಿ ಬಂತು; ಅದರ ಬೆನ್ನಿಗೇ ಮುತ್ಯಾ,
ಒಂದು ಟ್ರಂಕು, ಒಂದು ಸಲಿಕೆ.
ಐವತ್ತು ಸುಗ್ಗಿ ಇದರ ಉಗಿಗೆ ಹತ್ತಿ ಬೀಜ ಬಿಟ್ಟಿತು,
ಇದರ ಸಿಳ್ಳಿಗೆ ಓಣಿ ರೊಟ್ಟಿ ಬಡಿಯಿತು.
ಮುತ್ಯಾ ಮಾತ್ರ ಘಟಪ್ರಭೆಯಲ್ಲಿ ಹರಿಗೋಲು ಹತ್ತಿದರೆ
ಸುಡು ಮಧ್ಯಾಹ್ನದಲ್ಲೂ ಕಂದೀಲು ಹಚ್ಚಿ ಹಿಡಿಯುತ್ತಿದ್ದ.
ಮಂದಿ ನಗುತ್ತಿದ್ದರು. ನಗಲಿ ಅನ್ನುತ್ತಿದ್ದ.

ನಾನು ಬರೆದದ್ದು:
ಹಳೇ ಕಬ್ಬಿಣ, ಸಾಗಿಸಲಾಗದ್ದು. ಪರಿಹಾರ ಇಲ್ಲ.

ಆಲಮಟ್ಟಿಯ ಹಿನ್ನೀರು ಜಿನ್ನಿನ ಹೊಸ್ತಿಲಿಗೆ ಬಂದ ಸಂಜೆ
ಲಾಡ್ಲೇಸಾಬ ನವನಗರದಿಂದ ಸೈಕಲ್ ಮೇಲೆ ಬಂದ,
ಮೊಣಕಾಲ ನೀರಿನಲ್ಲಿ ಒಳಹೊಕ್ಕ.
ಒಲೆಯ ಬಾಯಲ್ಲಿ ಏನೋ ಇಟ್ಟು, ಕದ ತೆರೆದೇ ಬಿಟ್ಟು
ಹಿಂದೆ ನೋಡದೆ ಹೋದ.
ಒಂದು ಯುದ್ಧವನ್ನೂ ಕಾಣದ್ದು
ನೂರು ವರುಷ ತಡವಾಗಿ ಮುಳುಗುತ್ತಿತ್ತು,
ನಿಂತಲ್ಲೇ, ಬೆರಳು ಬೆರಳಾಗಿ.

ಮರುದಿನ ಕಡತ ತೆಗೆದು
ಷರಾ ಕಾಲಮ್ಮಿನಲ್ಲಿ ಸೇರಿಸಿದೆ:
ದೀಪ ಇತ್ತು.

ಸಾಹೇಬರು ಓದಲಿಲ್ಲ. ಸಹಿ ಹಾಕಿ
ಮುಂದಿನ ಮನೆಯ ನಂಬರು ಕೇಳಿದರು.